ನಾಲ್ಕು ಅಡಿ ಸರಿದ ಒಲೆ

ರಾಜ್ಯಗಳ ಚರಿತ್ರೆ ಬರೆಯುವವರು ಯುದ್ಧ, ಒಪ್ಪಂದ, ಮುತ್ಸದ್ದಿಗಳ ಮಾತುಕತೆ ಎಂದು ಸಂಪುಟಗಟ್ಟಲೆ ತುಂಬಿಸಿದ್ದಾರೆ. ಆದರೆ ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ಎರಡು ಬರ್ನರಿನ ಗ್ಯಾಸ್ ಒಲೆಯೊಂದು ಅಡುಗೆಮನೆಯ ಒಂದು ಗೋಡೆಯಿಂದ ನಾಲ್ಕು ಅಡಿ ಪೂರ್ವಕ್ಕೆ ಸರಿದ ಮಹತ್ವದ ಸಂಗತಿಯನ್ನು ಯಾರೂ ದಾಖಲಿಸಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗುತ್ತಿದೆ. ಆ ನಾಲ್ಕು ಅಡಿಗಳಲ್ಲಿ ಒಲೆ ಒಂದು ರಾಜ್ಯವನ್ನು ತೊರೆದು ಇನ್ನೊಂದನ್ನು ಸೇರಿತ್ತು. ಅದನ್ನು ಎತ್ತಿಕೊಂಡು ಹೋದವಳು ಆ ಮನೆಯ ಕಿರಿ ಸೊಸೆ.

ಗಡಿ ಆ ಊರಿನ ನಡುಬೀದಿಯಲ್ಲೇ ಹಾದುಹೋಗುತ್ತದೆ. ಒಂದು ಮಗ್ಗುಲಿಗೆ ನಿಂತರೆ ಮೂಡಲ ರಾಜ್ಯ, ಇನ್ನೊಂದು ಮಗ್ಗುಲಿಗೆ ನಿಂತರೆ ಪಡುವಲ ರಾಜ್ಯ, ನಟ್ಟನಡುವೆ ನಿಂತರೆ ಲಾರಿ ಹಾಯುತ್ತದೆ. ಬೆಳಿಗ್ಗೆ ಮೂಡಲ ಕಡೆಯ ಕಸ ಗುಡಿಸುವವರು ಕಸವನ್ನು ಗೆರೆಯತನಕ ತಂದು ಆಚೆ ತಳ್ಳುತ್ತಾರೆ. ಹತ್ತು ಗಂಟೆಗೆ ಪಡುವಲ ಕಡೆಯವರು ಅದನ್ನು ಬಡ್ಡಿ ಸಮೇತ ಹಿಂದಿರುಗಿಸುತ್ತಾರೆ. ಯಾರಿಗಾದರೂ ನಾಯಿ ಕಚ್ಚಿದರೆ ಊರು ಮೊದಲು ಕೇಳುವುದು ಗಾಯದ ಆಳವನ್ನಲ್ಲ, ನಾಯಿ ಯಾವ ಕಡೆಯದು ಎಂಬುದನ್ನು. ಎರಡು ರಾಜ್ಯಗಳ ನಡುವೆ ಅಂಥ ವೈರವೇನೂ ಇಲ್ಲ. ರಾಜಧಾನಿಗಳಲ್ಲಿ ಇರುವವರಿಗೆ ಇಂಥದೊಂದು ಊರಿದೆ ಎಂದೇ ಗೊತ್ತಿಲ್ಲ. ವೈರವನ್ನೆಲ್ಲ ಊರಿನವರೇ ಸ್ವಂತ ಶ್ರಮದಿಂದ ಬೆಳೆಸಿಕೊಂಡು ಬಂದಿದ್ದಾರೆ.

ಬೀದಿಯ ಕೊನೆಯಲ್ಲಿ ರಸ್ತೆ ಬಳಸಿಕೊಂಡು ಹೋಗುತ್ತದೆ. ಗಡಿಗೆ ಅಷ್ಟು ವ್ಯವಧಾನವಿಲ್ಲ. ಅದು ನೆಟ್ಟಗೆ ನುಗ್ಗಿ ಹನ್ನೊಂದು ಮನೆಗಳನ್ನು ಸೀಳುತ್ತದೆ. ಆ ಮನೆಗಳ ನೆಲದ ಮೇಲೆ ಅಳತೆಯವರು ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದಾರೆ. ಅಲ್ಲಿನವರು ಯಾವ ರಾಜ್ಯದ ನಿವಾಸಿಗಳು? ಮಲಗುವ ಜಾಗ ನೋಡಿ ತೀರ್ಮಾನಿಸೋಣವೆಂದರೆ ಸೆಕೆಗಾಲದಲ್ಲಿ ಮಂಚಗಳು ಊರೂರು ಸುತ್ತುತ್ತವೆ. ಬಾಗಿಲು ನೋಡೋಣವೆಂದರೆ ಎರಡೂ ಕಡೆ ಬಾಗಿಲು. ಕೊನೆಗೆ ಎರಡು ಸರ್ಕಾರಗಳೂ ಒಪ್ಪಿ ಒಲೆಯನ್ನು ಹಿಡಿದುಕೊಂಡವು: ಒಲೆ ಗೆರೆಯ ಯಾವ ಕಡೆ ಇದೆಯೋ ಇಡೀ ಮನೆ ಆ ಕಡೆಯದು. ಜನ ಆರಿದ ಒಲೆಗಳನ್ನು ಬೇಕಾದಲ್ಲಿ ಇಟ್ಟು ತೋರಿಸತೊಡಗಿದ ಮೇಲೆ ನಿಯಮಕ್ಕೆ ಬಾಲ ಬಂತು. ಒಲೆ ಬಿಸಿಯಾಗಿರಬೇಕು. ಬಿಸಿಯಾದ ಒಲೆ ಇಲ್ಲದ ಮನೆ ಖಾಲಿ ಮನೆ. ಇದನ್ನು ಪರೀಕ್ಷಿಸಲು ಎರಡೂ ರಾಜ್ಯಗಳು ಸೇರಿ ಒಬ್ಬ ಗುಮಾಸ್ತನನ್ನು ನೇಮಿಸಿದ್ದವು. ಆತ ಮನೆಮನೆಗೆ ಹೋಗಿ ಒಲೆಯ ಮೇಲೆ ಅಂಗೈ ಇಟ್ಟು ನೋಡಿ, ಎರಡು ಪ್ರತಿಯಲ್ಲಿ ಬರೆದುಕೊಳ್ಳುತ್ತಿದ್ದ. ಊರು ಅವನನ್ನು ಅಂಗೈ ಸಾಹೇಬರು ಎಂದು ಕರೆಯುತ್ತಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಸಾಹೇಬರು ಆ ಮಂಗಳವಾರ ಹತ್ತು ಗಂಟೆಗೆ ಬರುವವರಿದ್ದರು.

ಕಿರಿ ಸೊಸೆ ಮೂಡಲ ಕಡೆಯ ಪುರಸಭೆ ವಾಚನಾಲಯದಲ್ಲಿ ಒಂಬತ್ತು ವರ್ಷದಿಂದ ಹಂಗಾಮಿ ಕೆಲಸದಲ್ಲಿದ್ದಳು. ಗಂಡ ತೀರಿಕೊಂಡ ವರ್ಷ ಸೇರಿದವಳು. ಈಗ ಕಾಯಂ ಆದೇಶ ಬಂದಿತ್ತು, ಕೆಳಗೊಂದು ಷರತ್ತಿನೊಂದಿಗೆ: ತಿಂಗಳ ಕೊನೆಯೊಳಗೆ ಮೂಡಲ ರಾಜ್ಯದ ವಾಸದ ದಾಖಲೆ ಕೊಡತಕ್ಕದ್ದು, ತಪ್ಪಿದಲ್ಲಿ ಆದೇಶ ರದ್ದು. ಆ ಹನ್ನೊಂದರಲ್ಲೊಂದಾದ ಅವಳ ಮನೆಯ ಒಲೆ ಮಾತ್ರ ಮೊದಲಿನಿಂದಲೂ ಪಡುವಲ ಗೋಡೆಗೆ ಅಂಟಿಕೊಂಡಿತ್ತು. ಅದು ಅಲ್ಲಿಯೇ ಇರಬೇಕೆಂಬುದು ಓರಗಿತ್ತಿಯ ಹಟ. ಅವಳ ಗಂಡ, ಎಂದರೆ ಕಿರಿ ಸೊಸೆಯ ಭಾವ, ಪಡುವಲ ಕಡೆಯ ಸಂತೆಕಟ್ಟೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದ. ಅಲ್ಲಿನ ಮಳಿಗೆ ಅಲ್ಲಿನ ನಿವಾಸಿಗಳಿಗೆ ಮಾತ್ರ. ಮನೆ ಪಾಲು ಮಾಡಿ ಎರಡು ಒಲೆ ಹೂಡಬಹುದಿತ್ತು. ಆದರೆ ಮನೆ ಅತ್ತೆಯ ಹೆಸರಿನಲ್ಲಿತ್ತು, ಅತ್ತೆ ಸಹಿ ಹಾಕಲು ತಯಾರಿರಲಿಲ್ಲ. "ನಾನು ಕಣ್ಣು ಮುಚ್ಚಿದ ಮೇಲೆ ಹತ್ತು ಒಲೆ ಹೂಡ್ಕೊಳ್ಳಿ, ಹೋಟ್ಲು ಇಟ್ಕೊಳ್ಳಿ," ಎನ್ನುತ್ತಿದ್ದಳು.

ಹೀಗಾಗಿ ಆರೂವರೆಗೆ ಕಿರಿ ಸೊಸೆ ಒಲೆ ಎತ್ತಿ ಕೆಂಪು ಗೆರೆ ದಾಟಿಸಿ, ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಇಟ್ಟಳು. ರಬ್ಬರಿನ ಕೊಳವೆ ಕಷ್ಟಪಟ್ಟು ಅಲ್ಲಿಗೆ ಎಟುಕಿತು. ಸಿಲಿಂಡರನ್ನೂ ಉರುಳಿಸಿಕೊಂಡು ಬರೋಣವೆಂದು, ಅದಕ್ಕೆ ಮೊದಲು ಕೈಗೆ ಅಂಟಿದ ಜಿಡ್ಡು ತೊಳೆಯಲು ಹಿತ್ತಲಿಗೆ ಹೋದಳು. ಅಚ್ಚುಕಟ್ಟಿನ ಹೆಂಗಸು, ಎಣ್ಣೆ ಕೈಯಲ್ಲಿ ಏನನ್ನೂ ಮುಟ್ಟಳು. ವಾಪಸು ಬರುವಷ್ಟರಲ್ಲಿ ಓರಗಿತ್ತಿ ರೆಗ್ಯುಲೇಟರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಸಿಲಿಂಡರಿನ ಮೇಲೊಂದು ಮಣೆ ಹಾಕಿ, ಅದರ ಮೇಲೆ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದಳು. ಕೊಳವೆ ಅವಳ ಮಡಿಲಿನಿಂದ ಹೊರಟು ಗಡಿ ದಾಟಿ ಒಲೆಯವರೆಗೆ ಹೊಕ್ಕುಳಬಳ್ಳಿಯಂತೆ ಚಾಚಿಕೊಂಡಿತ್ತು.

"ಏಳಕ್ಕ," ಎಂದಳು ಕಿರಿಯವಳು.

"ಯಾಕೇ? ನಮ್ಮ ರಾಜ್ಯದಲ್ಲಿ ನಾನು ಕೂತಿದ್ದೀನಿ. ನಿಮ್ಮ ರಾಜ್ಯದಲ್ಲಿ ನೀನು ನಿಂತ್ಕೋ."

"ಒಲೆ ಹಚ್ಚಬೇಕು."

"ಹಚ್ಚು. ಬೇಡ ಅಂದೋರು ಯಾರು? ವಾಚನಾಲಯದಲ್ಲಿ ಅಷ್ಟು ಪುಸ್ತಕ ಇದೆಯಲ್ಲ, ಗ್ಯಾಸಿಲ್ಲದೆ ಒಲೆ ಹಚ್ಚೋದು ಹೇಗೆ ಅಂತ ಯಾವುದರಲ್ಲೂ ಬರೆದಿಲ್ವಾ?"

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಟೀ ಎಲ್ಲಿ?"

"ನಿಮ್ಮ ಕಿರಿ ಸೊಸೆ ಪರದೇಶಕ್ಕೆ ಹೊತ್ಕೊಂಡು ಹೋಗಿದ್ದಾಳೆ ಅತ್ತೆ," ಎಂದಳು ಓರಗಿತ್ತಿ.

"ನಿಮ್ಮ ಹಿರಿ ಸೊಸೆ ಅದರ ಮೇಲೆ ಕೂತಿದ್ದಾಳೆ ಅತ್ತೆ," ಎಂದಳು ಕಿರಿ ಸೊಸೆ.

ಅತ್ತೆ ಕೋಲೂರಿಕೊಂಡು ಬಂದು ಇಬ್ಬರನ್ನೂ ನೋಡಿ, ಗೋಡೆಗೆ ಒರಗಿ ನೆಲಕ್ಕೆ ಕುಳಿತಳು. ಅವಳು ಕುಳಿತದ್ದು ಗೆರೆಯ ಮೇಲೆಯೇ. ಯಾರ ಪರವಹಿಸಿದರೂ ಇನ್ನೊಬ್ಬಳ ಕೈಯಿಂದ ಊಟವಿಲ್ಲ ಎಂಬುದು ಎಪ್ಪತ್ತೆಂಟು ವರ್ಷದ ಆ ತಲೆಗೆ ಗೊತ್ತಿತ್ತು.

ಎಂಟು ಗಂಟೆಯಾದರೂ ಓರಗಿತ್ತಿ ಕದಲಲಿಲ್ಲ; ಬೀನ್ಸ್ ಮುಗಿದು ಬೆಳ್ಳುಳ್ಳಿಗೆ ಕೈ ಹಾಕಿದ್ದಳು. ಕಿರಿ ಸೊಸೆ ಒಂದು ಸೀಮೆಎಣ್ಣೆ ಸ್ಟೌ ಕೇಳಿ ತರಲು ಹೊರಟಳು. ಯಾವ ಒಲೆಯಾದರೇನು, ಗೆರೆಯ ಈ ಬದಿ ಉರಿಯುತ್ತಿದ್ದರೆ ಸಾಕಲ್ಲ.

ಮೂಡಲ ಮಗ್ಗುಲಿನ ಮೊದಲ ಮನೆ ದರ್ಜಿಯದು. ಅವನು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿಸಿಕೊಂಡ.

"ಸ್ಟೌ ಇದೆ ಮೇಡಂ. ಎಣ್ಣೇನೂ ಇದೆ. ಹೋದ ವರ್ಷ ನನ್ನನ್ನ ವಾಚನಾಲಯದಿಂದ ಹೊರಗೆ ಹಾಕಿದ್ರಲ್ಲ, ನೆನಪಿದೆಯಾ? ಒಂದು ಸಲ ಕೆಮ್ಮಿದ್ದಕ್ಕೆ."

"ಕೆಮ್ಮಿದ್ದಕ್ಕಲ್ಲ. ಪೇಪರಿನ ಪದಬಂಧ ಪೆನ್ನಲ್ಲಿ ತುಂಬಿದ್ದಕ್ಕೆ."

"ಅಷ್ಟಕ್ಕೇ ಹೊರಗೆ ಹಾಕ್ತಾರಾ?"

"ತಪ್ಪು ತಪ್ಪಾಗಿ ತುಂಬಿದ್ದಿರಿ."

ಸಹಾಯ ಕೇಳಲು ಹೋದವರು ಇಲ್ಲಿ ಬಾಯಿ ಮುಚ್ಚಿಕೊಳ್ಳಬೇಕಿತ್ತು ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಆ ಪದಬಂಧ ಅವಳ ಕಣ್ಣಮುಂದಿನ್ನೂ ಹಾಗೆಯೇ ಇತ್ತು. ದರ್ಜಿ ಯಂತ್ರ ತುಳಿಯತೊಡಗಿದ. ಆ ಸದ್ದೇ ಉತ್ತರ.

ಮುಂದಿನ ಮನೆಯಲ್ಲಿ ನಿವೃತ್ತ ನರ್ಸಮ್ಮ ಬಾಗಿಲನ್ನು ಒಂದು ಗೇಣು ತೆರೆದು ಮೂಗನ್ನಷ್ಟೇ ಹೊರಗಿಟ್ಟಳು. "ಪುಸ್ತಕ ಎರಡು ದಿನ ತಡವಾಯ್ತು ಅಂತ ನನ್ನ ಹೆಸರು ಬೋರ್ಡ್ ಮೇಲೆ ಬರೆದವಳು ನೀನೇ ತಾನೆ? ಆ ಬೋರ್ಡು ಊರೆಲ್ಲ ಓದ್ತು. ವಾಚನಾಲಯದ ಪುಸ್ತಕಾನೂ ಇಷ್ಟು ಜನ ಓದಿರಲಿಲ್ಲ." ಬಾಗಿಲು ಮುಚ್ಚಿತು.

ಮೂರನೇ ಮನೆಯವರು ಅವಳು ಬರುವುದನ್ನು ನೋಡಿಯೇ ದೀಪ ಆರಿಸಿದರು, ಬೆಳಗಿನ ಒಂಬತ್ತು ಗಂಟೆಗೆ. ಒಂಬತ್ತು ವರ್ಷದಲ್ಲಿ ತಾನು ಎಷ್ಟು ಜನರನ್ನು ಗಂಟೆ ಬಾರಿಸಿ ಸುಮ್ಮನಾಗಿಸಿದ್ದೇನೆ ಎಂದು ಅವಳು ನೆನೆದಳು. ಪಶ್ಚಾತ್ತಾಪವೇನೂ ಆಗಲಿಲ್ಲ. ಇನ್ನೂ ಒಂದಿಷ್ಟು ಜನರ ಹೆಸರು ಬೋರ್ಡಿಗೆ ಬರೆಯಬೇಕಿತ್ತು ಅನ್ನಿಸಿತು.

ಮನೆಗೆ ಮರಳಿದಾಗ ಭಾವ ಸಂತೆಕಟ್ಟೆಯಿಂದ ಓಡಿಬಂದಿದ್ದ. ಅಂಗೈ ಸಾಹೇಬರೂ ಆಗಲೇ ಅಡುಗೆಮನೆಯಲ್ಲಿದ್ದರು. ತೆಳ್ಳನೆಯ ಮನುಷ್ಯ, ಕಂಕುಳಲ್ಲಿ ದಫ್ತರು, ಬಲಗೈಯ ಅಂಗೈ ಮಾತ್ರ ಅಡುಗೆಭಟ್ಟನದರಂತೆ ದಪ್ಪಗಾಗಿತ್ತು. ಅವರು ಒಲೆಯ ಮೇಲೆ ಕೈ ಇಟ್ಟರು. ಕೈ ತೆಗೆದು ಇನ್ನೊಂದು ಬರ್ನರಿನ ಮೇಲಿಟ್ಟರು. ಆಮೇಲೆ ಕೊಳವೆಯ ಜಾಡು ಹಿಡಿದು ನೋಡುತ್ತ ಓರಗಿತ್ತಿಯ ಮಡಿಲಿನ ಮುಂದೆ ಬಂದು ನಿಂತರು.

"ಇದೇನಮ್ಮಾ?"

"ಗ್ಯಾಸು, ಸಾರ್. ಪಡುವಲ ಕಡೇದು."

"ಒಲೆ?"

"ಮೂಡಲ ಕಡೇದು," ಎಂದಳು ಕಿರಿ ಸೊಸೆ.

ಸಾಹೇಬರು ಗಡಿಯಾರ ನೋಡಿಕೊಂಡರು. "ನೋಡಿ, ನನಗೆ ಹತ್ತೂವರೆಯ ಬಸ್ಸಿದೆ. ಯಾವ ಕಡೆ ಹಚ್ಚಿದ್ರೂ ನನಗೆ ಒಂದೇ, ಆ ಕಡೆ ಬರ್ಕೋತೀನಿ. ತಣ್ಣಗಿದ್ರೆ ಖಾಲಿ ಮನೆ ಅಂತ ಎರಡೂ ಕಡೆ ಬರೀತೀನಿ. ಆಮೇಲೆ ಮೂರು ವರ್ಷ ನನ್ನ ಬೈದು ಪ್ರಯೋಜನ ಇಲ್ಲ."

"ಖಾಲಿ ಮನೆನಾ?" ಅತ್ತೆ ಕೋಲು ಕುಟ್ಟಿದಳು. "ನಾನಿಲ್ಲಿ ಉಸಿರಾಡ್ತಾ ಕೂತಿದ್ದೀನಲ್ಲಯ್ಯಾ!"

"ಉಸಿರಾಟಕ್ಕೆ ಕಾಲಂ ಇಲ್ಲಜ್ಜಿ."

ಇಡೀ ಸಂತೆಯ ಬೀಗಗಳನ್ನು ತೆಗೆಯಬಲ್ಲ ಭಾವನಿಗೆ ತನ್ನ ಹೆಂಡತಿಯನ್ನು ಒಂದು ಸಿಲಿಂಡರಿನಿಂದ ಎಬ್ಬಿಸಲಾಗಿರಲಿಲ್ಲ. "ಮಳಿಗೆ ಹೋಗುತ್ತೆ ಕಣೇ!" ಎಂದ ಹೆಂಡತಿಗೆ. ತಮ್ಮನ ಹೆಂಡತಿಯ ಕಡೆ ತಿರುಗಿ ಕೈ ಮುಗಿಯುವಷ್ಟಕ್ಕೆ ಇಳಿದ. "ನೋಡಮ್ಮಾ, ನಿನ್ನ ಕೆಲಸ ಹೆಂಗೂ ಆಗೋ ಹಾಗೆ ಕಾಣ್ತಿಲ್ಲ. ಇವಳು ಜಗ್ಗೋಳಲ್ಲ. ಒಲೆ ಈ ಕಡೆ ಇಟ್ಬಿಡು. ನನ್ನ ಮಳಿಗೆಯಾದ್ರೂ ಉಳೀಲಿ. ನಾಲ್ಕೂ ಜನ ಅದರಲ್ಲೇ ಉಣ್ಣೋಣ."

ಮಾತಿನಲ್ಲಿ ನ್ಯಾಯವಿತ್ತು. ಕಿರಿ ಸೊಸೆಗೆ ಅದು ಗೊತ್ತಾಯಿತು. ಗೊತ್ತಾದದ್ದರಿಂದಲೇ ಮೈ ಉರಿಯಿತು. ಓರಗಿತ್ತಿ ಬಡಿಸುವ ಅನ್ನವನ್ನು ತಲೆ ತಗ್ಗಿಸಿ ಉಣ್ಣುವ ವರ್ಷಗಳು ಕಣ್ಣಮುಂದೆ ಸಾಲಾಗಿ ನಿಂತವು. ಓರಗಿತ್ತಿಯ ಮುಖ ನೋಡಿದಳು. ಅಲ್ಲಿ ಆಗಲೇ ನಗು ಹೊರಟು ತುಟಿಯತನಕ ಬಂದಿತ್ತು.

"ತಗೊಂಡು ಬಾರೇ," ಎಂದಳು ಓರಗಿತ್ತಿ, ರೆಗ್ಯುಲೇಟರನ್ನು ಮಡಿಲಿನಿಂದ ಎತ್ತಿ ತೋರಿಸುತ್ತ. "ಎಲ್ಲಿಂದ ಎತ್ತಿದ್ದೆಯೋ ಅಲ್ಲೇ ಇಡು. ಜೋಪಾನ, ಗೆರೆ ಎಡವೀಯ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಏನ್ಮಾಡ್ತೀರಿ?"

ಕಿರಿ ಸೊಸೆ ಒಲೆಯ ಬಳಿ ಹೋದಳು. ಭಾವ ಉಸಿರು ಬಿಟ್ಟ. ಅವಳು ಒಲೆ ಎತ್ತಲಿಲ್ಲ. ಕೊಳವೆಯನ್ನು ಒಲೆಯಿಂದ ಕಿತ್ತು, ತುದಿಯನ್ನು ಗೆರೆಯಾಚೆ ಎಸೆದಳು.

"ಬರ್ಕೊಳ್ಳಿ ಸಾರ್."

"ಏನಂತ?"

"ತಣ್ಣಗಿದೆ ಅಂತ. ಇಬ್ಬರಿಗೂ."

"ಅಯ್ಯೋ ಪಾಪಿ!" ಎಂದು ಓರಗಿತ್ತಿ ಮಣೆಯಿಂದ ಎದ್ದಳು. ಬೆಳಿಗ್ಗೆಯಿಂದ ಅದೇ ಮೊದಲ ಸಲ. ಬೆಳ್ಳುಳ್ಳಿ ಎರಡೂ ರಾಜ್ಯಗಳಿಗೆ ಚೆಲ್ಲಾಪಿಲ್ಲಿಯಾಯಿತು. ಭಾವ ಕೊಳವೆ ಹಿಡಿದುಕೊಂಡು ಒಲೆಯತ್ತ ಧಾವಿಸಿದ. ಕಿರಿ ಸೊಸೆ ಒಲೆಯ ಮುಂದೆ ಕೈಕಟ್ಟಿ ನಿಂತಳು. ಅತ್ತೆ ಗೆರೆಯ ಮೇಲಿಂದ ಇಬ್ಬರು ಸೊಸೆಯರಿಗೂ, ಒಬ್ಬ ಮಗನಿಗೂ, ಎರಡು ಸರ್ಕಾರಗಳಿಗೂ ಸರಿಸಮನಾಗಿ ಶಾಪ ಹಾಕಿದಳು. ಸಾಹೇಬರು ಗೋಡೆಗೆ ದಫ್ತರು ಒತ್ತಿ ಎರಡು ಪ್ರತಿಯಲ್ಲಿ ಬರೆದರು, ಕೆಳಗೆ ಸಹಿ ಮಾಡಿದರು, ಹತ್ತೂವರೆಯ ಬಸ್ಸು ಹಿಡಿದರು.

ಮನೆ ಖಾಲಿ ಇದೆ ಎಂದು ಎರಡೂ ರಾಜ್ಯಗಳಲ್ಲಿ ದಾಖಲಾಯಿತು. ತಿಂಗಳ ಕೊನೆಗೆ ಮಳಿಗೆ ಹೋಯಿತು, ವಾಚನಾಲಯದ ಕೆಲಸವೂ ಹೋಯಿತು. ನಾಲ್ಕೂ ಜನ ಈಗಲೂ ಅಲ್ಲೇ ಇದ್ದಾರೆ.