ಕುರುಗೋಡು ತೆಗೀರಿ, ಅಣ್ಣಾ

ಪರದೆಯ ನಡುವೆ ಸಣ್ಣ ನೀಲಿ ಚಕ್ರ ತಿರುಗುತ್ತಲೇ ಇದೆ, ಸರ್ವರ್ ಸ್ಲೋ ಐತವ್ವಾ ಎಂದು ವೀರಭದ್ರಣ್ಣ ಮೌಸ್ ಬಿಟ್ಟು ಬೆರಳ ನೆಟಿಗೆ ಮುರಿದ, ಸಿರುಗುಪ್ಪ ಬಸ್ ನಿಲ್ದಾಣದ ಎದುರಿನ ಈ ಆನ್‌ಲೈನ್ ಅರ್ಜಿ ಅಂಗಡಿಯ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತದೆ, ಹೇಮಾಳ ಬೆನ್ನಿಗೆ ಪ್ಲಾಸ್ಟಿಕ್ ಕುರ್ಚಿ ಅಂಟಿಕೊಂಡಿದೆ, ಹೊರಗೆ ಯಾರೋ ಫೋನಿನಲ್ಲಿ ತೆಲುಗಿನಲ್ಲಿ ಕೂಗಾಡುತ್ತಿದ್ದಾನೆ — ಈ ಚಕ್ರ ನಿಂತ ಮೇಲೆ ಡಿಗ್ರಿಗೆ ಕಾಲೇಜಿನ ಹೆಸರು ಖಾಯಂ ಆಗುತ್ತದೆ, ವಿಶ್ವವಿದ್ಯಾಲಯವೇನೋ ಒಂದೇ, ಅದರ ಕೆಳಗೆ ಅವಳ ಮುಂದಿರುವ ಕಾಲೇಜು ಮೂರು, ಅವ್ವನಿಗೆ ಸಿರುಗುಪ್ಪ, ಮಾವನಿಗೆ ಕುರುಗೋಡು, ಅವಳಿಗೆ ಬಳ್ಳಾರಿ, ಮೂವರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದವರು, ಅದೇ ಫಜೀತಿ. ಜಗಳಗಂಟರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ಒಮ್ಮೆ ಬಾಯಿ ಮಾಡಿ ಎದ್ದು ಹೋಗಬಹುದಿತ್ತು, ಪ್ರೀತಿ ಮಾಡುವವರ ಎದುರು ಬಾಯಿ ಹೇಗೆ ಮಾಡುವುದು. ನಿಮ್ಮ ಮಾವ ಮುಂಜಾನೇನ ಫೋನ್ ಮಾಡಿ ಹೇಳ್ಯಾನ, ಕುರುಗೋಡು ಅಂತ ಹಾಕೀನಿ ನೋಡವ್ವಾ ಎಂದ ವೀರಭದ್ರಣ್ಣ, ಹೌದು, ಪರದೆಯ ಮೂಲೆಯಲ್ಲಿ ಕುರುಗೋಡು ಎಂದು ಆಗಲೇ ಕೂತಿದೆ, ಅವಳು ಬರುವ ಮೊದಲೇ ಅವಳ ಕುರ್ಚಿಯಲ್ಲಿ ಮತ್ತೊಬ್ಬರು ಕೂತ ಹಾಗೆ.

ದುರುಗಣ್ಣ ಮಾವ, ಅವ್ವನ ತಮ್ಮ, ಬಾದನಹಟ್ಟಿಯಿಂದ ಮೊನ್ನೆ ಬೈಕಿನಲ್ಲಿ ಇವರೂರು ದೇಶನೂರಿಗೆ ಬಂದಿದ್ದ, ಕಟ್ಟೆಯ ಮೇಲೆ ಕೂತು ಚಹಾ ಹೀರುತ್ತ, ಕುರುಗೋಡಿಗೆ ನಮ್ಮೂರಿಂದ ಎಷ್ಟು ದೂರ ಐತಿ ಅಂತಿ, ಬೈಕಿನ ಮ್ಯಾಲೆ ಬಿಟ್ಟು ಬರ್ತೀನಿ, ಬಿ.ಎ. ಮಾಡು, ನಾಳೆ ಬಿ.ಎಡ್. ಮಾಡು, ಟೀಚರ್ ಆಗು, ಮಾವನ ಮನಿ ಅಂದ್ರ ನಿನ್ನ ಮನಿ ಅಲ್ಲೇನು ಲೇ ಎಂದ, ಅಪ್ಪ ತೀರಿಕೊಂಡಾಗಿನಿಂದ ಅವನು ಹಾಗೇ, ಪಿಯುಸಿಗೆ ಸೈನ್ಸ್ ತಗೋತೀನಿ ಅಂದಾಗ ಪುಸ್ತಕ ತಂದು ಸುರಿದವನೂ ಅವನೇ. ಅತ್ತೆ ಪಡಸಾಲೆಯ ಮೂಲೆ ಖಾಲಿ ಮಾಡಿ ಟೇಬಲ್ ಹಾಕಿದ್ದಾಳಂತೆ, ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಎರಡರ ಕೆಳಗೇ, ದಿನಾ ಬಾಬಾಸಾಹೇಬ್ರು ನೋಡ್ತಿರ್ತಾರ, ಹೆಂಗ ಓದಂಗಿಲ್ಲ ನೋಡ್ತೀನಿ ಎಂದು ಮಾವ ನಕ್ಕ, ಅವಳೂ ನಕ್ಕಳು. ಅವ್ವ ಹಂಪಮ್ಮ ಮಾತ್ರ ಸೊಪ್ಪು ಸೋಸುತ್ತ, ಸಿರುಗುಪ್ಪದಾಗ ಇಲ್ಲೇನು ಕಾಲೇಜು, ಬೆಳಿಗ್ಗೆ ಬಸ್ಸಿಗೆ ಹೋದ್ರ ಮಧ್ಯಾಹ್ನ ಮನ್ಯಾಗ, ಕಣ್ಣ ಮುಂದ ಇರ್ತಾಳ ಎಂದಳು, ಮುಂದಿನದನ್ನು ಹೇಳಲಿಲ್ಲ, ಹೇಳದಿದ್ದರೂ ಗೊತ್ತು, ನಾಟಿಯ ಸಾಲಿನಲ್ಲಿ ಅವ್ವನ ಎಡಗಡೆಯ ಜಾಗ ಹೇಮಾಳದು, ಕಾಲುವೆಗೆ ನೀರು ಬಿಟ್ಟರೆ ಎರಡು ವಾರ ರಜೆ ಹಾಕಿ ಅಲ್ಲಿ ನಿಲ್ಲಬೇಕು.

ಅವರಿಬ್ಬರಿಗೂ ಹೇಳಬೇಕಿತ್ತು, ಆ ನೀರಿನ ಹನಿಯ ಸಂಗತಿ. ಹೇಳಿದರೆ ನಗುತ್ತಾರೆ ಎಂದು ಹೇಳಲಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಕಲಿಸುವ ಸುಮಂಗಲಾ ಮೇಡಂ ಒಂದು ದಿನ, ಯಾರಾದ್ರೂ ಗದ್ದೆ ನೀರು ತನ್ನಿ ಅಂದಿದ್ದರು, ಹೇಮಾ ಬಿಸ್ಲೇರಿ ಬಾಟಲಿಯಲ್ಲಿ ತಾವು ನಾಟಿ ಮಾಡುವ ಗದ್ದೆಯದೇ ತಂದಿದ್ದಳು, ಕೊಳೆ ನೀರು, ಅದರಲ್ಲೇ ದಿನವಿಡೀ ಮೊಣಕಾಲಿನವರೆಗೆ ನಿಂತು ಅವಳ ಕಾಲ ಬೆರಳ ಸಂದಿ ಕೊಳೆತಿದ್ದು, ಅವ್ವ ಅರಿಶಿನ ಎಣ್ಣೆ ಹಚ್ಚಿದ್ದು — ಒಂದೇ ಒಂದು ಹನಿ, ಮೇಡಂ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡು ಅಂದರು, ಅಯ್ಯಯ್ಯೋ, ಒಳಗೊಂದು ಸಂತೆಯೇ ನೆರೆದಿತ್ತು, ಹಸಿರು ಹಸಿರು ಕೋಲುಗಳು, ಚಪ್ಪಲಿಯಂಥ ಒಂದು ಜೀವ ಮೈ ತುಂಬ ಕೂದಲಾಡಿಸುತ್ತ ಅವಸರವಸರವಾಗಿ ಎಲ್ಲಿಗೋ ಹೊರಟಿತ್ತು, ಇವಳು ಇಷ್ಟು ದಿನ ಅದರಲ್ಲೇ ನಿಂತಿದ್ದಳು, ಗೊತ್ತೇ ಇರಲಿಲ್ಲ. ಬೆರಳು ಕೊಳೆಸಿದವನು ಇದರಾಗ ಯಾವನ್ರೀ ಮೇಡಂ ಎಂದು ಕೇಳಿದಳು, ಕ್ಲಾಸೆಲ್ಲ ನಕ್ಕಿತು, ಮೇಡಂ ನಗಲಿಲ್ಲ, ಅವನನ್ನ ಹಿಡಿಯಾಕ ಬ್ಯಾರೆ ಓದೇ ಐತಿ, ಬಳ್ಳಾರಿಗೆ ಹೋಗಬೇಕು ಎಂದರು. ಅಷ್ಟೇ. ಅವತ್ತಿನಿಂದ ಮನಸ್ಸು ಬಳ್ಳಾರಿಯನ್ನು ಬಿಟ್ಟು ಅಲುಗಿಲ್ಲ, ಕುರುಗೋಡಿನಲ್ಲಿ ವಿಚಾರಿಸಿದಳು, ಸಿರುಗುಪ್ಪದಲ್ಲಿ ವಿಚಾರಿಸಿದಳು, ಆ ವಿಷಯ ಎರಡರಲ್ಲೂ ಇಲ್ಲ, ಇದ್ದಿದ್ದರೆ ಈ ಸಂಕಟವೇ ಇರಲಿಲ್ಲವಲ್ಲ, ಮಾವನ ಟೇಬಲ್ಲಿಗೆ ಖುಷಿಯಿಂದ ಹೋಗಿ ಕೂರುತ್ತಿದ್ದಳು.

ಚಕ್ರ ತಿರುಗುತ್ತಿದೆ, ಇನ್ನೂ, ಯಾಕೋ ಅವಳಿಗೆ ಗದ್ದೆ ಕಣ್ಣಿಗೆ ಕಟ್ಟುತ್ತದೆ, ಹತ್ತನೆಯ ತರಗತಿ ಮುಗಿದ ವರ್ಷ, ನಾಟಿಗೆ ಮೊದಲ ದಿನ, ಹೊಸಬಳನ್ನು ಕೂಡಿ ಹಾಕುವುದು ಆ ಹೆಂಗಸರ ಪದ್ಧತಿ, ಬಗ್ಗಿ ಸಸಿ ಊರುತ್ತ ಎಲ್ಲರೂ ಹಿಂದಕ್ಕೆ ಹಿಂದಕ್ಕೆ ಸರಿಯಬೇಕು, ಕೈ ನಿಧಾನವಾದವಳು ಮುಂದೆಯೇ ಉಳಿಯುತ್ತಾಳೆ, ಆಗ ಎಡಗಡೆಯವಳೂ ಬಲಗಡೆಯವಳೂ ಕಣ್ಣು ಹೊಡೆದು ಅವಳ ಬೆನ್ನ ಹಿಂದೆಯೂ ಸಸಿ ಊರಿಬಿಡುತ್ತಾರೆ, ಅವಳು ತಲೆ ಎತ್ತುವಷ್ಟರಲ್ಲಿ ಸುತ್ತ ಹಸಿರು, ನಡುವೆ ಅವಳೊಬ್ಬಳು, ತುಳಿಯದೆ ಹೊರಬರಲು ದಾರಿಯೇ ಇಲ್ಲ. ಏ ಹೇಮೀ, ಅಲ್ಲೇ ಮನಿ ಕಟ್ಟಿಗೆಂಡು ಇರ್ತೀ ಏನು ಎಂದು ನಾಟಿ ಗುಂಪಿನ ಸಾವಂತ್ರಮ್ಮ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕುತ್ತ ಕಾಡಿದಳು, ಮಿರ್ಚಿ ಮಂಡಕ್ಕಿ ಕೊಡಸ್ತೀನಿ ಅನ್ನು, ಬಿಡ್ತೀವಿ, ಎಲ್ಲರೂ ಗೊಳ್ಳನೆ ನಕ್ಕರು, ಆಗಷ್ಟೇ ಊರಿದ ಸಸಿಗಳು, ಎಳೆಕೂಸಿನ ಹಾಗೆ ತಲೆ ನಿಲ್ಲದೆ ತೂಗುತ್ತಿದ್ದವು, ಯಾರ ಕೈಯ ದುಡಿಮೆ ಅದು, ಅದರ ಮೇಲೆ ಕಾಲಿಡುವುದೇ. ಆಗ ಅವ್ವ ಸೊಂಟ ನೆಟ್ಟಗೆ ಮಾಡಿ, ಕಾಲು ಕಿತ್ತಿ ಇಡಲೇ ಎಂದಳು, ತುಳಿದಿದ್ದನ್ನ ನಾ ಮತ್ತ ಹಚ್ತೀನಿ. ಇಟ್ಟಳು. ಕೆಸರಿನಲ್ಲಿ ಹೆಜ್ಜೆ ಆಳಕ್ಕೆ ಇಳಿಯಿತು, ಕಾಲು ಕಿತ್ತ ಕೂಡಲೇ ಗುಳಿಯೊಳಗೆ ನೀರು ಗುಳುಗುಳು ತುಂಬಿತು, ಇನ್ನೊಂದು ಹೆಜ್ಜೆ, ಇನ್ನೊಂದು ಗುಳಿ.

ಈಗಲೂ ಸುತ್ತ ಊರಿದ್ದಾರೆ, ಅದೂ ನಗುನಗುತ್ತ, ಅಕ್ಕರೆಯಿಂದ — ಇತ್ತ ಅತ್ತೆಯ ಟೇಬಲ್ಲು, ಅತ್ತ ಮಾವನ ಬೈಕು, ಬೆನ್ನಿಗೆ ಅವ್ವನ ಕಣ್ಣ ಮುಂದ ಇರ್ತಾಳ ಎಂಬ ಮಾತು, ಮೇಲೆ ಗೆಳತಿ ಜಯಶ್ರೀ, ನೀ ಬರಲಿಲ್ಲಂದ್ರ ಸಿರುಗುಪ್ಪ ಬಸ್ಸಿನ್ಯಾಗ ನಾ ಯಾರ ಮಗ್ಗಲು ಕುಂದ್ರಲಿ ಅನ್ನುವವಳು, ಒಬ್ಬರೂ ಕೆಟ್ಟವರಲ್ಲ, ಒಂದು ಸಸಿಯೂ ಕಳೆಯಲ್ಲ. ತುಳಿಯದೆ ದಾಟುವ ಉಪಾಯವನ್ನು ವಾರದಿಂದ ಹುಡುಕಿದ್ದಾಳೆ, ಇಲ್ಲ, ಇಲ್ಲವೇ ಇಲ್ಲ. ಬೆಳಿಗ್ಗೆ ಹೊರಡುವಾಗ ಅವ್ವ ಗದ್ದೆಗೆ ಹೋಗಲು ಸೀರೆ ಎತ್ತಿ ಕಟ್ಟುತ್ತಿದ್ದಳು, ಯವ್ವಾ, ನಾ ಬಳ್ಳಾರಿ ಅಂತ ಹಾಕಲೇನು ಎಂದು ಇವಳು ಕೇಳಿಯೇಬಿಟ್ಟಳು, ಅವ್ವ ಗಂಟು ಬಿಗಿದು, ಮತ್ತೊಮ್ಮೆ ಬಿಗಿದು, ನಿನ್ನ ಇಷ್ಟ ಎಂದಳು, ಹೋಗು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಆ ನಿನ್ನ ಇಷ್ಟ ಅನ್ನುವ ಮಾತು ಬಸ್ಸಿನುದ್ದಕ್ಕೂ ಅವಳ ಪಕ್ಕದಲ್ಲೇ ಕೂತು ಬಂತು.

ಹಾ, ಬಂತು ನೋಡು ಎಂದ ವೀರಭದ್ರಣ್ಣ, ಚಕ್ರ ನಿಂತಿತ್ತು, ಕುರುಗೋಡು, ಓಕೆ ಮಾಡಲೇನವ್ವಾ, ಬೆರಳು ಇಳಿಯುತ್ತಿದೆ — ಅಣ್ಣಾ ನಿಂದ್ರಿ. ತನ್ನ ದನಿ ತನಗೇ ದೊಡ್ಡದಾಗಿ ಕೇಳಿತು, ಕುರುಗೋಡು ತೆಗೀರಿ. ತೆಗೆದು? ಎಂದ ಅವನು. ಬಳ್ಳಾರಿ ಹಾಕ್ರಿ, ಬಿ.ಎಸ್ಸಿ., ಸೂಕ್ಷ್ಮಜೀವಿ ಶಾಸ್ತ್ರ ಇರೋದು. ನಿಮ್ಮ ಮಾವ ನನ್ನ ಬೈತಾನಲ್ಲವ್ವಾ. ಬೈದ್ರ ನನಗ ಬೈತಾನ್ರೀ, ನಾನೇ ಹೇಳ್ತೀನಿ, ಫೋನು ತೆಗೆದಳು, ಮಾವಾ, ಬಳ್ಳಾರಿ ಹಾಕಸಾಕತ್ತೀನಿ, ನಿನ್ನ ಮಾತು ಮೀರಿದೆ ಅನ್ಕೋಬ್ಯಾಡ, ನನಗ ಬೇಕಾಗಿದ್ದು ಅಲ್ಲೇ ಐತಿ. ಆ ಕಡೆ ಬೈಕಿನ ಸದ್ದು ಆರಿತು, ಮಾವ ಬದಿಗೆ ನಿಂತಿರಬೇಕು, ಅಲ್ಲವ್ವೀ, ನಿಮ್ಮತ್ತಿ ಟೇಬಲ್ ಮ್ಯಾಲೆ ಹೊಸಾ ಬಟ್ಟಿ ಹಾಸ್ಯಾಳ ಎಂದ, ಅಷ್ಟೇ ಎಂದ, ಆಮೇಲೆ, ಆತು ಬಿಡು, ಫೋನು ಇಟ್ಟ. ಎದೆಯೊಳಗೆ ಕಚಕ್ಕನೆ ಒಂದು ಸಸಿ ಬಾಗಿ ನೆಲಕ್ಕೆ ಮಲಗಿತು, ಮಲಗಲಿ, ಹಿಂದಿರುಗಿ ನೋಡಬಾರದು, ಓಕೆ ಮಾಡ್ರಿ ಅಣ್ಣಾ, ಮೌಸು ಟಕ್ ಎಂದಿತು, ಮತ್ತೆ ಆ ನೀಲಿ ಚಕ್ರ, ನೋಡಬಾರದು ಅಂದರೂ ನೋಡುತ್ತಾಳೆ, ಕೆಸರಿನಲ್ಲಿ ತನ್ನದೇ ಹೆಜ್ಜೆ, ಗುಳಿಯೊಳಗೆ ತುಂಬುತ್ತಿರುವ ನೀರು, ಮುರಿದು ತೇಲುವ ಒಂದು ಸಸಿ, ಅದರ ಹಿಂದೆಯೇ ಬಗ್ಗಿ ಬರುತ್ತಿರುವ ಅವ್ವ, ಅವಳ ಕೈ, ಆ ಗುಳಿಗೆ ಇಳಿಯುತ್ತಿರುವ ಕೈ, ಕೈಯಲ್ಲೊಂದು ಸಸಿ —