ನುಂಗದೆ ತಂದದ್ದು

ಚರ್ಚಿನ ಪೂಜೆಯಲ್ಲಿ ಯೇಸುವಿನ ದೇಹವೆಂದು ಕೊಡುವ ಪರಮಪ್ರಸಾದ ನಾಲಿಗೆಯ ಮೇಲೆ ಬಿದ್ದೊಡನೆ ಅವಳು ಬಾಯಿ ಬಿಗಿದು, ತಲೆ ತಗ್ಗಿಸಿ ಕಂಬದ ಹಿಂದಕ್ಕೆ ಸರಿದಳು. ಕೆಮ್ಮು ಬಂದವಳಂತೆ ಕರವಸ್ತ್ರವನ್ನು ತುಟಿಗೆ ಒತ್ತಿಕೊಂಡಳು. ಅರ್ಧ ಒದ್ದೆಯಾದ ಬಿಳಿ ಬಿಲ್ಲೆ ಬಟ್ಟೆಗೆ ಅಂಟಿತು. ಅದನ್ನು ಮಡಚಿ ಮುಷ್ಟಿಯಲ್ಲಿ ಹಿಡಿದು, ಪೂಜೆ ಮುಗಿಯುವ ಮೊದಲೇ ಹೊರಬಿದ್ದಳು.

ಅದನ್ನು ತರಹೇಳಿದವನು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯ ಮಂತ್ರಗಾರ. ಅವನಲ್ಲಿಗೆ ಕಳಿಸಿದವಳು ಅತ್ತೆ. ಬಸ್ ಮೆಕ್ಯಾನಿಕ್ ಆಗಿದ್ದ ಗಂಡನ ಹೊಟ್ಟೆಯ ಗಡ್ಡೆ ಲಿವರಿಗೂ ಹಬ್ಬಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಅತ್ತೆ ಕೈಚೆಲ್ಲುವವಳಲ್ಲ. ಶಿಲುಬೆ, ತಾಯತ ಎರಡನ್ನೂ ಒಂದೇ ದಾರಕ್ಕೆ ಪೋಣಿಸಿ ಮಗನ ಕೊರಳಿಗೆ ಹಾಕಿ, ಯಾವುದಾದರೂ ಒಂದು ಹಿಡಿಯಲಿ ಎಂದಿದ್ದಳು.

ಮಂತ್ರಗಾರ ತಿಂಡಿಯ ತಟ್ಟೆ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ. ಒಳ್ಳೆಯ ಮಾತಿನ ಮನುಷ್ಯ. ನಿಮ್ಮ ಯಜಮಾನರು ಎದ್ದು ಓಡಾಡುವುದು ಖಂಡಿತ ಎಂದ. ಆಮೇಲೆ ಅಂಗೈ ಚಾಚಿದ.

"ಇದಕ್ಕೊಂದು ಕಟ್ಟು ಹಾಕಿದ್ರೆ ಮುಗೀತು. ಇನ್ಮೇಲೆ ನಿಮ್ಮ ದೇವರು ನಾವು ಹೇಳಿದ ಹಾಗೆ ಕೇಳ್ಬೇಕು."

ಅವಳ ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಇಷ್ಟು ದಿನ ಯಾರ ಮುಂದೆ ಮೊಣಕಾಲೂರಿ ಅತ್ತಿದ್ದಳೋ ಅವನನ್ನು ಈತ ಗೂಟಕ್ಕೆ ಕಟ್ಟುವ ಮಾತಾಡುತ್ತಿದ್ದ. ಗಂಡನ ಸಾವಿಗೆ ಹೆದರಿ ಬಂದವಳಿಗೆ ಈಗ ಈ ಮಾತಿನ ಭಯ ಹೆಚ್ಚಾಯಿತು. ಇವತ್ತು ಬೇಡ ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಚರ್ಚಿನ ಹಿಂದಿನ ಕೋಣೆಯಲ್ಲಿ ಪಾದ್ರಿ ಒಬ್ಬರೇ ಇದ್ದರು. ಎಲ್ಲವನ್ನೂ ಹೇಳಿ ಕರವಸ್ತ್ರ ಮುಂದೆ ಹಿಡಿದಳು. ಅವರು ಬೈಯಲಿಲ್ಲ. ಮುದುಡಿದ ತುಣುಕನ್ನು ಬಿಡಿಸಿ ತಾವೇ ಸೇವಿಸಿದರು. ಬಟ್ಟೆ ತೊಳೆದ ನೀರನ್ನೂ ಚರಂಡಿಗೆ ಬಿಡದೆ ಗಿಡದ ಬುಡಕ್ಕೆ ಸುರಿದು ಬಂದು, ಅವಳನ್ನು ಕೂರಿಸಿಕೊಂಡು ಪಾಪನಿವೇದನೆ ಕೇಳಿದರು. ಅದು ಮುಗಿದರೂ ಅವಳು ಏಳಲಿಲ್ಲ.

"ಅವನು ಉಳಿಸ್ತೀನಿ ಅಂದ, ಫಾದರ್. ನೀವೂ ಅಷ್ಟು ಹೇಳಿ ಸಾಕು."

"ಹೇಳೋಕಾಗಲ್ಲಮ್ಮ. ನಾನು ಬೇಡ್ಕೋಬಹುದು, ಅಷ್ಟೇ."

"ಮತ್ತೆ ನಿಮ್ಮ ಹತ್ರ ಯಾಕೆ ಬರ್ಬೇಕು?"

ಪಾದ್ರಿ ಎದ್ದರು. ಕಪಾಟಿನಿಂದ ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆಯ ಸಣ್ಣ ಕುಪ್ಪಿ ತೆಗೆದುಕೊಂಡು, ನಾನೇ ಬರುತ್ತೇನೆ, ನಡೆ ಎಂದರು.

ಮನೆಯಲ್ಲಿ ರೋಗಿಯ ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಅಂಗೈ ಗೆರೆಗಳಲ್ಲಿ ಗ್ರೀಸಿನ ಕಪ್ಪು ಇನ್ನೂ ಹೋಗಿರಲಿಲ್ಲ. ನೀನು ಹುಷಾರಾಗ್ತೀಯ ಎಂದು ಎಲ್ಲರೂ ಹೇಳಿ ಹೇಳಿ ಅವನ ಬಾಯಿ ಕಟ್ಟಿಹೋಗಿತ್ತು. ಪಾದ್ರಿ ಮಾತ್ರ ಹಾಗೆ ಹೇಳಲಿಲ್ಲ.

"ನಂಗೆ ಹೆದ್ರಿಕೆ ಆಗ್ತಿದೆ ಫಾದರ್," ಎಂದ.

"ಆಗುತ್ತಪ್ಪ," ಎಂದರು ಅವರು. ಅವನಿಗೆ ನಿದ್ದೆ ಹತ್ತುವವರೆಗೂ ಕೈ ಬಿಡಲಿಲ್ಲ. ಅವಳು ಕಾಲ ಬಳಿ ಕುಳಿತು, ಅಡಗಿಸಿಕೊಳ್ಳದೆ ಅತ್ತಳು. ಅಂದಿನಿಂದ ಗಂಡ ಹೆಂಡತಿ ಸಾವಿನ ಮಾತನ್ನೂ ಆಡಿಕೊಂಡರು.

ವಾರ ತುಂಬುವುದರೊಳಗೆ ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ ಅತ್ತೆ ಹೊಸಿಲಲ್ಲೇ ಕುಸಿದಳು.

"ಅದನ್ನ ಆ ಮಂತ್ರಗಾರನ ಕೈಗೆ ಕೊಟ್ಟಿದ್ರೆ ನನ್ನ ಮಗ ಇರ್ತಿದ್ದ."

ಇರುತ್ತಿದ್ದನೇನೋ ಎಂಬ ಮುಳ್ಳು ಸೊಸೆಯೊಳಗೂ ಇತ್ತು.

ಮರುದಿನ ಅವನ ಹಾಸಿಗೆಯ ಚಾದರ ಒಗೆದು ಹರವಿದಳು. ಒಣಗಿದ ಮೇಲೆ ಒಬ್ಬಳೇ ಮಡಚಲಾಗದೆ ತಡವರಿಸುತ್ತಿದ್ದಾಗ ಅತ್ತೆ ಎದ್ದು ಬಂದು, ಮುಖ ನೋಡದೆ, ಆ ಕಡೆಯ ಎರಡು ತುದಿಗಳನ್ನು ಹಿಡಿದಳು.