ಎಂಟನೆಯ ಪ್ಲಗ್ಗು

ಪಲ್ಲಡದಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತುವವರಿರಲಿಲ್ಲ. ದೊಡ್ಡಯ್ಯ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬಲಗೈಯನ್ನು ಮೌಸಿನ ಮೇಲಿಟ್ಟು, ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕೂತಿದ್ದ. ಕೊಯಮತ್ತೂರಿನ ಆ ಮೂರನೇ ಮಹಡಿಯ ಕಚೇರಿಗೆ ಪಲ್ಲಡಂ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ದಾರಿ. ಆದರೂ ಅಲ್ಲಿನ ನೇಯ್ಗೆ ಘಟಕದ ಪುಟ್ಟ ಕಂಪ್ಯೂಟರ್ ಕೋಣೆಯ ಎಂಟು ಪ್ಲಗ್ಗುಗಳು ಅವನ ಕಣ್ಣೆದುರೇ ಒಂದರ ಕೆಳಗೊಂದು ನಿಂತಿದ್ದವು. ಏಳು ಹಸಿರು, ಎಂಟನೆಯದು ಕೆಂಪು. ಎಲ್ಲಕ್ಕೂ ಕೆಳಗೆ ಒಂದು ದೊಡ್ಡ ಗುಂಡಿ. ಅದನ್ನೊತ್ತಿದರೆ ಎಂಟೂ ಆರಿ, ಹತ್ತು ಎಣಿಸುವಷ್ಟರಲ್ಲಿ ಎಂಟೂ ಹೊತ್ತಿಕೊಳ್ಳುತ್ತವೆ.

"ಒತ್ರೀ ದೊಡ್ಡಯ್ಯನೋರೇ, ಯಾರ ಅಪ್ಪಣೆಗೆ ಕಾಯ್ತಿದ್ದೀರಿ?" ಹಿಂದೆ ನಿಂತಿದ್ದ ವಿಶ್ವಾಸ್ ಕೇಳಿದ. ಅವನು ಕೊಯಮತ್ತೂರು ಕಚೇರಿಯ ಎಂಜಿನಿಯರು, ಚಿತ್ರದುರ್ಗದ ಕಡೆಯವನು, ದೊಡ್ಡಯ್ಯನ ಅರ್ಧ ವಯಸ್ಸಿನ ಮೇಲಧಿಕಾರಿ.

"ಕೊಂಜ ಇರಿ ತಂಬಿ, ಸ್ವಲ್ಪ ತಡೀರಿ. ಬೆಳ್ಳಿಯಮ್ಮ ಫೋನ್ ಎತ್ತಲಿ."

"ಕಸ ಗುಡಿಸೋರು ಫೋನ್ ಎತ್ತಿದ್ರೆ ರೂಟರ್ ಸರಿಹೋಗುತ್ತಾ? ಅಲ್ಲಿಂದ ನೆಟ್ ಲೈನೇ ಇಲ್ಲ. ತಿರುಪ್ಪೂರಿನಲ್ಲಿ ಲಾರಿ ನಿಂತಿದೆ, ಬಿಲ್ಲು ಬರ್ತಾ ಇಲ್ಲ."

ವಿಶ್ವಾಸನ ಜೇಬಿನ ಮೊಬೈಲು ಕೂಗಿತು. ಮ್ಯಾನೇಜರ್ ಮಣಿಕಂಠನ್ ತಮಿಳಿನಲ್ಲಿ ಬೈಯುವುದು ದೊಡ್ಡಯ್ಯನ ಕುರ್ಚಿಯವರೆಗೂ ಕೇಳಿಸಿತು. ವಿಶ್ವಾಸ್ "ಎಸ್ ಸಾರ್, ಎಸ್ ಸಾರ್" ಎನ್ನುತ್ತ ಮುಂದೆ ಬಾಗಿ ಮೌಸಿಗೆ ಕೈ ಹಾಕಿದ. ದೊಡ್ಡಯ್ಯ ತನ್ನ ಕೈಯನ್ನು ಕದಲಿಸಲಿಲ್ಲ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೇಲಿನವರ ಕೈಗೆ ಅಡ್ಡ ಹಿಡಿದದ್ದು ಅದೇ ಮೊದಲು.

ಕೊನೆಗೂ ಆ ಕಡೆ ಫೋನು ಎತ್ತಿದರು. ಮಗ್ಗಗಳ ಆರ್ಭಟದ ನಡುವೆ ಬೆಳ್ಳಿಯಮ್ಮನ ಏದುಸಿರು. "ಅಣ್ಣಾ, ನಾನು. ಕೇಳಿಸ್ಲೇ ಇಲ್ಲೆ."

"ಕೈ ತೆಗ್ದ್ಯಾ?"

"ಈಗ ತಾನ್ ತೆಗ್ದೆ, ಆ ಸದ್ದೊಳಗೆ ಏನ್ ಕೇಳ್ತದೆ? ತೆಗ್ದೆ, ತೆಗ್ದೆ."

"ದೂರ ನಿಂತ್ಕೊ," ಎಂದು ದೊಡ್ಡಯ್ಯ ಗುಂಡಿ ಒತ್ತಿದ. ಎಂಟೂ ಕೆಂಪಾದವು, ಎಂಟೂ ಹಸಿರಾದವು. ಆಮೇಲೆಯೇ ಅವನು ಮೌಸಿನಿಂದ ಕೈ ತೆಗೆದ.

"ಹನ್ನೊಂದು ನಿಮಿಷ," ಎಂದ ವಿಶ್ವಾಸ್, ಗಡಿಯಾರ ನೋಡಿ. "ನಿಮ್ಮ ಮಗ್ಗದ ಶಾಸ್ತ್ರಕ್ಕೆ ಹನ್ನೊಂದು ನಿಮಿಷ ಹೋಯ್ತು ದೊಡ್ಡಯ್ಯನೋರೇ."

ಮಗ್ಗದ ಶಾಸ್ತ್ರ ಎಂದು ಅವನಿಗೆ ಹೇಳಿದ್ದು ದೊಡ್ಡಯ್ಯನೇ, ಅದರಲ್ಲಿ ಸುಳ್ಳೂ ಇರಲಿಲ್ಲ. ದೊಡ್ಡಯ್ಯ ಹುಟ್ಟಿದ್ದು ನೇಕಾರರ ಮನೆಯಲ್ಲಿ. ಹಿರಿಯರು ಮೈಸೂರು ಸೀಮೆಯಿಂದ ಯಾವ ಕಾಲದಲ್ಲಿ ಇಳಿದು ಬಂದರೋ ಯಾರಿಗೂ ನೆನಪಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹರೆಯದಲ್ಲಿ ಅವನು ಕೆಲಸ ಮಾಡುತ್ತಿದ್ದ ಪವರ್‌ಲೂಮ್ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಕರೆಂಟು ಹೋಗಿ ಬಂದಾಗ ಮೇನ್ ಸ್ವಿಚ್ಚಿನ ಹತ್ತಿರ ನಿಂತವನು "ಕೈ ತೆಗಿ!" ಎಂದು ಮೂರು ಸಲ ಕೂಗಬೇಕು. ಮಗ್ಗದೊಳಗೆ ಕೈ ಹಾಕಿ ನೂಲು ಬಿಡಿಸುತ್ತಿದ್ದವರು ಒಬ್ಬೊಬ್ಬರಾಗಿ "ತೆಗ್ದೆ" ಅನ್ನಬೇಕು. ಕೊನೆಯವನು ಅಂದ ಮೇಲೆಯೇ ಸ್ವಿಚ್ಚು. ಒಂದು ಮಧ್ಯಾಹ್ನ ಮಾಲೀಕನ ಭಾಮೈದ ಅವಸರದಲ್ಲಿದ್ದ, ಕೂಗಲಿಲ್ಲ. ದೊಡ್ಡಯ್ಯನ ಎಡಗೈಯ ಎರಡು ಬೆರಳು ಅಲ್ಲೇ ಹೋದವು. ಆಮೇಲೆ ಆ ಭಾಮೈದ ಬಂದು ಕಾಲು ಹಿಡಿದು ಅತ್ತನಂತೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುತ್ತಾರೆ, ಅವಸರದಲ್ಲಿ ಹೋದ ಬೆರಳೂ ಹಾಗೆಯೇ.

ನೇಯಲಾಗದವನು ವೈರಿನ ಕೆಲಸ ಕಲಿತು ಈ ಕಂಪನಿಗೆ ಸೇರಿದ. ಪಲ್ಲಡಂ, ಕಾಂಗೇಯಂ, ಮದುಕ್ಕರೈ, ಎಲ್ಲಿ ಯಾವ ಕಂಪ್ಯೂಟರ್ ಪೆಟ್ಟಿಗೆ ಕೆಟ್ಟು ನಿಂತರೂ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಬೇಕು. ಹೋಗಿ ಮಾಡುವುದಾದರೂ ಏನು? ಸ್ವಿಚ್ಚು ಆರಿಸುವುದು, ಹತ್ತು ಎಣಿಸುವುದು, ಹಾಕುವುದು. ಅಷ್ಟಕ್ಕಾಗಿ ಅರ್ಧ ದಿನ ಬಸ್ಸಿನಲ್ಲಿ ನಿಂತು ನಿಂತು ಮಂಡಿ ಸವೆದು ಹೋಗಿತ್ತು. ಎರಡು ಸಾವಿರದ ಎಂಟರ ಆ ಬೇಸಗೆಯಲ್ಲಂತೂ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಅಷ್ಟರಲ್ಲಿ ಎಂಟೆಂಟು ಪ್ಲಗ್ಗು ಕೂರುವ ಈ ಹೊಸ ಪವರ್ ಪಟ್ಟಿಗಳು ಬಂದವು. ರೂಟರು ಕೆಟ್ಟರೂ ಅಪ್ಪಣೆ ತಲುಪಲೆಂದು ಅವುಗಳೊಳಗೆ ಮೊಬೈಲಿನ ಸಿಮ್ಮು ಬೇರೆಯೇ ಇತ್ತು. ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದರೆ ಸಾಕು, ಯಾವ ಊರಿನ ಯಾವ ಪ್ಲಗ್ಗನ್ನಾದರೂ ಕೂತಲ್ಲೇ ಆರಿಸಬಹುದು, ಹೊತ್ತಿಸಬಹುದು. ಆ ಪುಟದ ಮುಂದೆ ಕೂರಲು ಒಬ್ಬ ಬೇಕೆಂದಾಗ, ತಮಿಳು ಸರಿಯಾಗಿ ಬಾರದ ವಿಶ್ವಾಸ್ ಕನ್ನಡ ಮಾತಾಡುವ ದೊಡ್ಡಯ್ಯನನ್ನೇ ಕೇಳಿದ. ಇಂಗ್ಲಿಷ್ ಬಾರದವನಿಗೆ ಕಂಪ್ಯೂಟರೇ ಎಂದು ಮಣಿಕಂಠನ್ ಮೂಗು ಮುರಿದರೆ, "ಅಂಕಿ ಓದ್ತಾರೆ ಸಾರ್, ಸಾಕು. ನಾನು ಹೊಣೆ," ಎಂದಿದ್ದ.

ಹೀಗೆ ಐವತ್ತನಾಲ್ಕರಲ್ಲಿ ದೊಡ್ಡಯ್ಯನಿಗೆ ಗಾಲಿಯ ಕುರ್ಚಿ ಸಿಕ್ಕಿತು. ಮೊದಲ ವಾರ ಅವನು ಮನೆಗೆ ಹೋಗಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನೇ ಮರೆತಿದ್ದ. ಆ ಕುರ್ಚಿಯನ್ನು ಅವನು ಎಷ್ಟು ಪ್ರೀತಿಸುತ್ತಿದ್ದನೆಂದರೆ, ಯಾರಾದರೂ ಅದರ ಮೇಲೆ ಟಿಫನ್ ಡಬ್ಬಿ ಇಟ್ಟರೂ ಸಿಡುಕುತ್ತಿದ್ದ.

ಆದರೆ ಶಾಸ್ತ್ರದ ಹಿಂದೆ ಒಂದು ಕಳ್ಳತನವೂ ಅಡಗಿತ್ತು. ಪಲ್ಲಡದ ಕೋಣೆ ಮಗ್ಗದ ಶೆಡ್ಡಿಗೆ ಅಂಟಿಕೊಂಡದ್ದು. ಕರೆಂಟು ಹೋದರೆ ಕಂಪ್ಯೂಟರ್ ಪೆಟ್ಟಿಗೆಗಳು ಯುಪಿಎಸ್ಸಿನ ಮೇಲೆ ಓಡುತ್ತಿದ್ದವು, ಗೋಡೆಯ ಎಗ್ಸಾಸ್ಟ್ ಫ್ಯಾನು ಮಾತ್ರ ನಿಂತುಬಿಡುತ್ತಿತ್ತು. ಕೋಣೆ ಒಲೆಯಂತೆ ಕಾದು ಪೆಟ್ಟಿಗೆಗಳು ಕೈಕೊಡುತ್ತಿದ್ದವು. ಕುರ್ಚಿ ಸಿಗುವ ಮುಂಚೆ, ಹೊಸ ಪಟ್ಟಿ ಕೂರಿಸಲು ಹೋದ ದಿನ, "ಆ ಫ್ಯಾನಿಗೂ ಒಂದು ದಾರಿ ಮಾಡ್ರಿ ಅಣ್ಣಾ" ಎಂದು ಬೆಳ್ಳಿಯಮ್ಮ ಗೋಗರೆದಳು. ಅವಳೂ ಮನೆಯಲ್ಲಿ ಕನ್ನಡದವಳೇ. ದೊಡ್ಡಯ್ಯ ಪೆಟ್ಟಿಗೆಗಳನ್ನೂ ಪಟ್ಟಿಯನ್ನೂ ಇಟ್ಟ ಬೀರುವಿನಲ್ಲೊಂದು ತೂತು ಕೊರೆದು, ಫ್ಯಾನಿನ ತಂತಿಯನ್ನು ಒಳಗೆ ತಂದು, ಖಾಲಿಯಿದ್ದ ಎಂಟನೆಯ ಪ್ಲಗ್ಗಿಗೆ ಸಿಕ್ಕಿಸಿಬಿಟ್ಟ. ಬೀರುವಿಗೆ ಬೀಗ, ಬೀಗದ ಕೈ ಕೊಯಮತ್ತೂರಿನಲ್ಲಿ. ಆ ಪ್ಲಗ್ಗಿನ ಎದುರು ಪುಟದಲ್ಲಿ ಇಂಗ್ಲಿಷಿನಲ್ಲಿ 'ಖಾಲಿ' ಎಂದೇ ಬರೆದಿತ್ತು.

ಫ್ಯಾನಿನ ರೆಕ್ಕೆಗೆ ಹತ್ತಿಯ ನಾರು ಮೆತ್ತಿಕೊಂಡು ಎರಡು ದಿನಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು, ಕೈಯಿಂದಲೇ ಕೀಳಬೇಕು. ಬೆಳ್ಳಿಯಮ್ಮ ಫೋನು ಮಾಡುತ್ತಿದ್ದಳು, ದೊಡ್ಡಯ್ಯ ಇಲ್ಲಿಂದ ಎಂಟನ್ನು ಆರಿಸುತ್ತಿದ್ದ. ಕಿತ್ತು ಮುಗಿದ ಮೇಲೆ ಮತ್ತೆ ಫೋನು. ಕೈ ತೆಗ್ದ್ಯಾ? ತೆಗ್ದೆ. ಆಮೇಲೆ ಹೊತ್ತಿಸುತ್ತಿದ್ದ. ಆ ದಿನ ಅವಳ ಕೈ ಫ್ಯಾನಿನೊಳಗಿರುವಾಗಲೇ ರೂಟರು ಮುನಿಸಿಕೊಂಡಿತ್ತು. ಬಿಡಿಬಿಡಿಯಾಗಿ ಹೊತ್ತಿಸಿದರೆ ಈ ಪೆಟ್ಟಿಗೆಗಳಲ್ಲಿ ಒಂದರ ಗುರುತು ಇನ್ನೊಂದಕ್ಕೆ ಸಿಗುವುದಿಲ್ಲವೆಂದು ದೊಡ್ಡ ಗುಂಡಿಯನ್ನೇ ಒತ್ತಬೇಕೆಂಬುದು ವಿಶ್ವಾಸನ ಕಟ್ಟಪ್ಪಣೆ. ದೊಡ್ಡ ಗುಂಡಿ ಕೆಂಪು ಹಸಿರು ನೋಡುವುದಿಲ್ಲ.

ಹೇಳಿಬಿಡಬಹುದಿತ್ತು. ಆದರೆ ಹಿಂದಿನ ವರ್ಷ ಕಾಂಗೇಯದ ಘಟಕದಲ್ಲಿ ಅಯ್ಯಾಸಾಮಿ ಎಂಬವನು ಇಡ್ಲಿ ಹಿಟ್ಟಿನ ಗ್ರೈಂಡರನ್ನು ಯುಪಿಎಸ್ಸಿಗೆ ಸಿಕ್ಕಿಸಿ ಬ್ಯಾಟರಿ ಸುಟ್ಟಿದ್ದ. ಅವನನ್ನು ಅದೇ ದಿನ ಗೇಟಿನಾಚೆ ಕಳಿಸಿದ್ದರು. ಅಲ್ಲಿಂದ ಮುಂದೆ, ಕಚೇರಿಯ ದಾಖಲೆಯಲ್ಲಿ ಬರೆದಿಲ್ಲದ ಯಾವುದನ್ನು ಸಿಕ್ಕಿಸಿದರೂ ಅದೇ ಶಿಕ್ಷೆ ಎಂಬ ಕಾಗದ ಪ್ರತಿ ಘಟಕದ ಗೋಡೆಯಲ್ಲೂ ಇತ್ತು.

ಊಟವಾದ ಮೇಲೆ ವಿಶ್ವಾಸ್ ತನ್ನ ಕುರ್ಚಿಯನ್ನು ಉರುಳಿಸಿಕೊಂಡು ಪಕ್ಕಕ್ಕೆ ಬಂದ. ಬೆಳಗಿನ ಸಿಟ್ಟು ಇಳಿದಿತ್ತು. "ಬೇಜಾರು ಮಾಡ್ಕೋಬೇಡಿ. ಇದರಲ್ಲೇ ಒಂದು ಅನುಕೂಲ ಇದೆ, ನಾನೇ ಇಷ್ಟು ದಿನ ಹಾಕಿರಲಿಲ್ಲ. ರೂಟರ್ ಎರಡು ನಿಮಿಷ ಉತ್ತರ ಕೊಡದಿದ್ರೆ ಪಟ್ಟಿ ತಾನಾಗೇ ಎಲ್ಲವನ್ನೂ ಆರಿಸಿ ಹಾಕುತ್ತೆ. ಯಾರೂ ಒತ್ತೋದು ಬೇಡ, ಯಾರಿಗೂ ಫೋನ್ ಮಾಡೋದು ಬೇಡ. ಮಣಿಕಂಠನ್ ಸಾರ್ ಇವತ್ತೇ ಹಾಕು ಅಂದಿದ್ದಾರೆ."

"ತಾನಾಗೇನಾ?"

"ತಾನಾಗೇ. ನೀವು ಆರಾಮಾಗಿ ನೋಡ್ಕೊಂಡು ಕೂತಿರಿ."

ದೊಡ್ಡಯ್ಯ ಟೀ ಕುಡಿದು ಬರುತ್ತೇನೆಂದು ಕೆಳಗಿಳಿದ. ಮೂರು ಮಹಡಿ ಮೆಟ್ಟಿಲು ಅವನ ಮಂಡಿಗೆ ಹಳೆಯದನ್ನೆಲ್ಲ ನೆನಪಿಸಿತು. ಅಂಗಡಿಯ ಮುಂದೆ ಬಿಸಿಲು ಕಾದ ಹಂಚಾಗಿತ್ತು. ಫ್ಯಾನು ಮುಟ್ಟಬೇಡ ಎಂದು ಬೆಳ್ಳಿಯಮ್ಮನಿಗೆ ಹೇಳಿದರಾಯಿತು ಎಂದುಕೊಂಡ. ಮುಟ್ಟದಿದ್ದರೆ ಎರಡು ದಿನದಲ್ಲಿ ಫ್ಯಾನು ಕಟ್ಟಿಕೊಳ್ಳುತ್ತದೆ, ಅಲ್ಲಿನ ಮೇಸ್ತ್ರಿ ಬೈಯುತ್ತಾನೆ, ಅವಳು ಮುಟ್ಟಿಯೇ ಮುಟ್ಟುತ್ತಾಳೆ. ಬೈಗುಳಕ್ಕೆ ಹೆದರಿ ಕೈ ಹಾಕುವವರು ಬಡವರೇ ತಾನೆ. ನಾಳೆ ಯಾವುದೋ ನೆಪ ಹೇಳಿ ಪಲ್ಲಡಕ್ಕೆ ಹೋಗಿ ಗುಟ್ಟಾಗಿ ತಂತಿ ಕಿತ್ತು ಬರಬಹುದು. ಆದರೆ ಆ 'ತಾನಾಗೇ' ಇವತ್ತೇ ಹಾಕುತ್ತಾರೆ, ಮತ್ತು ಇವತ್ತಿಗೂ ನಾಳೆಗೂ ನಡುವೆ ಅವಳ ಹತ್ತು ಬೆರಳಿದ್ದವು. ಅವನು ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ಭಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಇಷ್ಟೆಲ್ಲ ವರ್ಷ ದುಡಿದು ಈಗಲೂ ಇಂಥದೊಂದನ್ನು ತಾನೇ ಹೊರಬೇಕಲ್ಲ ಎಂದು ದಣಿವಾಗಿತ್ತು.

ಮೇಲೆ ಬಂದಾಗ ವಿಶ್ವಾಸ್ ಪುಟ ತೆರೆದು ಕೂತಿದ್ದ.

"ತಂಬಿ, ಅದ ಒತ್ಬೇಡ್ರಿ. ಎಂಟು ಖಾಲಿ ಇಲ್ಲೆ."

"ಅಂದ್ರೆ?"

"ಅದರೊಳಗೆ ಫ್ಯಾನ್ ಇದೆ. ನಾನೇ ಹಾಕಿದ್ದು. ಬೆಳ್ಳಿಯಮ್ಮ ಅದಕ್ಕೆ ಕೈ ಹಾಕಿ ಪಂಜು, ಆ ಹತ್ತಿ ನಾರು, ತೆಗಿತಾಳೆ. ಬೆಳಿಗ್ಗೆ ನೀವು ಒತ್ತು ಒತ್ತು ಅಂದಾಗ ಅವಳ ಕೈ ಉಳ್ಳೇ, ಫ್ಯಾನೊಳಗೇ ಇತ್ತು."

ವಿಶ್ವಾಸ್ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಅವನ ಕಣ್ಣು ದೊಡ್ಡಯ್ಯನ ಎಡಗೈಗೆ ಹೋಯಿತು, ಅಲ್ಲಿಂದ ಬೇಗ ಬೇರೆಡೆಗೆ ಸರಿಯಿತು.

"ನನ್ನ ಹತ್ರ ಹೇಳಬಹುದಿತ್ತಲ್ಲ," ಎಂದ ಕೊನೆಗೆ. "ನಾನು ಹೊಣೆ ಅಂದಿದ್ದೆ ನಿಮಗೋಸ್ಕರ."

"ಅದಕ್ಕೇ ಹೇಳಲಿಲ್ಲೆ."

"ನಾನು ಬರೀಲೇಬೇಕು ದೊಡ್ಡಯ್ಯನೋರೇ. ಮುಚ್ಚಿಡೋಕಾಗಲ್ಲ."

"ಬರೀರಿ."

ಐದು ಗಂಟೆಗೆ ತೀರ್ಮಾನ ಬಂತು. ಹದಿನಾಲ್ಕು ವರ್ಷದ ಮುಖ ನೋಡಿ ಗೇಟಿನಾಚೆ ಕಳಿಸಲಿಲ್ಲ. ಆದರೆ ಕುರ್ಚಿ ಇಲ್ಲ. ನಾಳೆಯಿಂದ ಮತ್ತೆ ಚೀಲ, ಮತ್ತೆ ಬಸ್ಸು. ಮೊದಲ ಕೆಲಸ ಪಲ್ಲಡದ ತಂತಿ ಕೀಳುವುದು. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ವಿಶ್ವಾಸ್ ಆ 'ತಾನಾಗೇ' ಹಾಕಬೇಕು, ಒಂದು ನಿಮಿಷವೂ ತಡವಾಗಕೂಡದು. ಮಣಿಕಂಠನ್ ಅದನ್ನು ಎರಡೆರಡು ಸಲ ಹೇಳಿದ.

ಮರುದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸೂಲೂರಿನಾಚೆ ಎಲ್ಲೋ ಟೈರು ಪಂಕ್ಚರಾಗಿ ಅರ್ಧ ಗಂಟೆ ರಸ್ತೆಯಲ್ಲೇ ನಿಂತದ್ದಾಯಿತು. ಪಲ್ಲಡದ ಘಟಕ ತಲುಪಿದಾಗ ಹನ್ನೆರಡಕ್ಕೆ ಇನ್ನು ಹತ್ತೇ ನಿಮಿಷವಿತ್ತು. ಮಗ್ಗಗಳು ಓಡುತ್ತಿದ್ದವು. ಕೋಣೆಯ ಬಾಗಿಲ ಬಳಿ ಬೆಳ್ಳಿಯಮ್ಮ ತಲೆಗೂದಲೆಲ್ಲ ಹತ್ತಿ ಮೆತ್ತಿಕೊಂಡು ನಿಂತಿದ್ದಳು.

"ನನ್ನಿಂದಾಗಿ ಅಣ್ಣಾ," ಎಂದಳು.

"ನಿನ್ನಿಂದ ಏನೂ ಇಲ್ಲೆ. ಗೋಡೆ ಸ್ವಿಚ್ಚಿಗೇ ಹಾಕಿ ಕೊಟ್ಟು ಹೋಗ್ತೀನಿ. ನೀನೇ ಆರಿಸ್ಕೊ, ನೀನೇ ಹಾಕ್ಕೊ."

"ಕರೆಂಟ್ ಹೋದ್ರೆ?"

"ಹೋದ್ರೆ ನಿಲ್ಲುತ್ತೆ. ಪೆಟ್ಟಿಗೆ ಕೆಟ್ರೆ ನಾನ್ ಬಸ್ ಹತ್ತಿ ಬರ್ತೀನಿ, ಇನ್ನೇನು." ಅವನು ನಕ್ಕ. ನಗುವೂ ಬಸ್ಸಿನಲ್ಲಿ ನಿಂತೇ ಬಂದಂತಿತ್ತು.

ಬೀರುವಿನ ಬೀಗ ತೆಗೆದು, ಮಂಡಿಯೂರಿ, ಎಡಗೈಯನ್ನು ಪೆಟ್ಟಿಗೆಗಳ ಹಿಂದೆ ತೂರಿಸಿದ. ಒಳಗೆ ಕಾವು. ಎಂಟನೆಯ ಪ್ಲಗ್ಗು ಬೆರಳಿಗೆ ಸಿಕ್ಕಿತು. ಎಳೆದ. ಗೋಡೆಯ ಫ್ಯಾನು ನಿಧಾನವಾಗಿ ನಿಂತಿತು, ತಂತಿ ಅವನ ತೊಡೆಯ ಮೇಲೆ ಬಿತ್ತು. ಗೋಡೆಯ ಗಡಿಯಾರದಲ್ಲಿ ಆಗಲೇ ಹನ್ನೆರಡು ದಾಟಿತ್ತು.

ಫೋನು ಬಡಿದುಕೊಂಡಿತು. ಬೆಳ್ಳಿಯಮ್ಮ ಈ ಸಲ ಓಡಿ ಹೋಗಿ ಎತ್ತಿದಳು. ಒಂದು ಕಿವಿಗೆ ಬೆರಳಿಟ್ಟುಕೊಂಡು ಕೇಳಿಸಿಕೊಂಡಳು. ಆಮೇಲೆ ರಿಸೀವರನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಬಾಗಿಲಲ್ಲಿ ಇಣುಕಿದಳು.

"ಅಣ್ಣಾ, ಆ ಕನ್ನಡದ ತಂಬಿ. ಕೈ ತೆಗೆದ್ರಾ ಅಂತ ಕೇಳ್ತಾವ್ರೆ."

ದೊಡ್ಡಯ್ಯ ತೊಡೆಯ ಮೇಲಿದ್ದ ತಂತಿಯನ್ನು ನೋಡಿದ. ಕೀಳುವ ಕೆಲಸ ಮುಗಿದಿತ್ತು. ಮೂರು ಬೆರಳಿನ ಕೈ ಮಾತ್ರ ಇನ್ನೂ ಒಳಗೇ ಇತ್ತು.

"ಇನ್ನೂ ಇಲ್ಲೆ ಅನ್ನು," ಎಂದ. "ಕೊಂಜ ಇರ್ರಿ ಅನ್ನು."

ಅವಳು ಅಂದಳು. ಆ ಕಡೆಯಿಂದ ಏನೋ ಚುಟುಕು ಉತ್ತರ ಬಂತು. "ಸರಿ, ಕಾಯ್ತೀನಿ ಅಂದ್ರು," ಎಂದಳು.

ದೊಡ್ಡಯ್ಯ ಬೀರುವಿನ ಬಾಗಿಲಿಗೆ ಹಣೆ ಆನಿಸಿ ಕಣ್ಣು ಮುಚ್ಚಿದ. ಬೆಳ್ಳಿಯಮ್ಮ ಫೋನು ಕೆಳಗಿಡದೆ, ಮಗ್ಗಗಳ ಸದ್ದಿನಲ್ಲಿ ಹಾಗೆಯೇ ಹಿಡಿದುಕೊಂಡು ನಿಂತಿದ್ದಳು.